ಸ್ವಿಚ್ಚಿಗೆ ಹೇಳದೆ ಉಳಿದ ಮಾತು

ಏನಾದರೂ ಕೆಟ್ಟಾಗ ನಾನು ನನ್ನೊಬ್ಬನನ್ನು ಬಿಟ್ಟು ಉಳಿದೆಲ್ಲವನ್ನೂ ಅನುಮಾನಿಸುತ್ತೇನೆ. ನಾನು ತಪ್ಪಿಸಿಕೊಂಡ ಹಾವೇರಿ ಬಸ್ಸು ಯಾವಾಗಲೂ ಬೇಗ ಬಂದು ಹೋದ ಬಸ್ಸೇ ಆಗಿರುತ್ತದೆ. ಈ ಗುಣ ಇಟ್ಟುಕೊಂಡೇ ಹಿರೇಕೆರೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದೇನೆ. ನಮ್ಮ ಸ್ಕ್ಯಾನ್ ಚಿತ್ರಗಳೆಲ್ಲ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಕೂಡುತ್ತವೆ. ಅಲ್ಲಿಂದ, ಎಲ್ಲ ಕೇಬಲ್ಲುಗಳೂ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆಯ ಮೂಲಕ, ಅವನ್ನು ನೋಡಿ ಹೇಳುವ ಹಾವೇರಿಯ ಡಾಕ್ಟರಿಗೆ ಹೋಗುತ್ತವೆ. ಸರ್ವರಿಗೂ ಸ್ವಿಚ್ಚಿಗೂ ನಡುವೆ ಎರಡು ಕೇಬಲ್ ಹಾಕಿ, ಎರಡೂ ಒಂದಾಗಿ ದುಡಿಯುವಂತೆ ಹೊಂದಿಸಿದ್ದೆ. ಮೊನ್ನೆ ಸಿಡಿಲಿಗೆ ಸ್ವಿಚ್ ಸುಟ್ಟಿತು. ಹೊಸದು ಬಂತು. ಕೇಬಲ್ ಚುಚ್ಚಿ, ಚಹಾ ಕುಡಿಯಲು ಹೋದೆ.

ಮರುದಿನ ಅಬಲೂರಿನ ಫಕೀರವ್ವ ತನ್ನ ಗಂಡನನ್ನು ಕರೆತಂದಳು. ಗೋವಿನಜೋಳದ ಚೀಲಗಳ ಮೇಲಿಂದ ಬಿದ್ದು ಅವನ ತಲೆಗೆ ಪೆಟ್ಟಾಗಿತ್ತು. ಸ್ಕ್ಯಾನ್ ಬೇಗ ಮುಗಿಯಿತು. ಚಿತ್ರಗಳು ಮಾತ್ರ ತೆವಳುತ್ತ ಹೊರಟು ನಡುದಾರಿಯಲ್ಲಿ ನಿಂತವು. ಹಾವೇರಿಯಿಂದ ಡಾಕ್ಟರ ಫೋನು ಬಂತು.

“ಅರ್ಧಾ ಅಷ್ಟ ಬಂದಾವ್ರಿ. ತಲಿಯೊಳಗ ರಕ್ತ ಸೋರೇತೋ ಇಲ್ಲೋ ಹೆಂಗ ಹೇಳ್ಲಿ? ಹುಬ್ಬಳ್ಳಿಗೆ ಕಳಸೂದಿದ್ರ ಈಗ ಕಳಸಬೇಕು.”

ನಾನು ಕೇಬಲ್ ಬದಲಿಸಿದೆ. ಸರ್ವರನ್ನು ಬೈದೆ. ಹಾವೇರಿಯ ಇಂಟರ್ನೆಟ್ಟನ್ನೂ ಬೈದೆ. ಬಾಗಿಲಲ್ಲಿ ನಿಂತಿದ್ದ ಫಕೀರವ್ವ ನೀರಿನ ಬಾಟಲಿ ಚಾಚಿದಳು.

“ಭಾಳ ಬೆವತೀರಿ ಅಣ್ಣಾರ. ಮೊದ್ಲ ನೀರ ಕುಡೀರಿ. ಏನಾಗೇತ್ರಿ?”

ಗಂಡ ಮಂಪರಿನಲ್ಲಿ ಮಲಗಿರುವಾಗಲೂ ನನ್ನ ಬೆವರು ನೋಡಿದ ಹೆಂಗಸಿಗೆ ಉತ್ತರ ಕೊಡದಿರಲು ಆಗಲಿಲ್ಲ. “ಎರಡೂ ವಾಯರ್ ಕೂಡಿ ಕೆಲಸಾ ಮಾಡ್ರಿ ಅಂತ ಸರ್ವರಿಗೆ ಹೇಳೇನ್ರಿ ಯವ್ವಾ, ಹಂಗ ಸ್ವಿಚ್ಚಿಗೂ…” ಎನ್ನುತ್ತಲೇ ಹೊಸ ಪೆಟ್ಟಿಗೆಯ ಕಡೆ ತಿರುಗಿದೆ. ಸುಟ್ಟುಹೋದ ಸ್ವಿಚ್ಚಿಗೆ ಹೇಳಿದ್ದೆ. ಹೊಸದಕ್ಕೆ ಯಾರು ಹೇಳಿದ್ದರು? ಸರ್ವರ್ ಎರಡೂ ಕಡೆಯಿಂದ ಕಳಿಸುತ್ತಿತ್ತು, ಸ್ವಿಚ್ ಗಲಿಬಿಲಿಗೊಂಡು ಅರ್ಧವನ್ನು ಕೈಬಿಡುತ್ತಿತ್ತು. ಹೊಂದಿಸುತ್ತ ಕೂರಲು ವ್ಯವಧಾನವಿರಲಿಲ್ಲ. ಒಂದೇ ದಾರಿಯಿದ್ದರೆ ಗಲಿಬಿಲಿಯಿಲ್ಲವೆಂದು ಒಂದು ಕೇಬಲ್ ಕಿತ್ತೆ. ಚಿತ್ರಗಳು ಸರಸರನೆ ಹೊರಟವು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಬಂತು: “ರಕ್ತ ಸೋರಿಲ್ರಿ. ಹುಬ್ಬಳ್ಳಿ ಬ್ಯಾಡ. ಒಂದೆರಡು ದಿನ ಅಲ್ಲೇ ಇಟಗೋರಿ.”

ಫಕೀರವ್ವ ಅಲ್ಲೇ ನೆಲದ ಮೇಲೆ ಕುಳಿತು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನು ಸ್ವಿಚ್ಚಿನ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಮಧ್ಯಾಹ್ನ ಸ್ವಿಚ್ಚಿಗೂ ಹೇಳಬೇಕಾದ್ದನ್ನು ಹೇಳಿ, ಕಿತ್ತ ಕೇಬಲ್ಲನ್ನು ಮತ್ತೆ ಚುಚ್ಚಿದೆ. ಸಂಜೆ ವಾರ್ಡಿಗೆ ಹೋದರೆ ಗಂಡ ಎಚ್ಚರಾಗಿ ಗಂಜಿ ಕುಡಿಯುತ್ತಿದ್ದ. ಫಕೀರವ್ವ ನನ್ನನ್ನು ತೋರಿಸಿ, “ಇಲ್ನೋಡ್ರಿ, ನಿಮ್ಮ ತಲಿಯಾಗಿನ ವಾಯರ್ ಜೋಡಿಸಿದವ್ರು ಇವ್ರ” ಎಂದಳು. ಅವನು ಗಂಜಿ ಬಟ್ಟಲು ಬದಿಗಿಟ್ಟು ಎರಡೂ ಕೈ ಮುಗಿದ. ಹಾಗಲ್ಲ ಎಂದು ತಿದ್ದಬೇಕಿತ್ತು. ತಿದ್ದಲೆಂದೇ ಬಾಯಿ ತೆರೆದೆ. ಹೊರಬಂದದ್ದು ಬೇರೆ.

“ನಾಕ ದಿನ ಬಿಸಲಾಗ ಅಡ್ಡಾಡಬ್ಯಾಡ್ರಿ ಯಜಮಾನ್ರ,” ಎಂದೆ ಗಂಭೀರವಾಗಿ, ಮತ್ತು ಅವನ ನಾಡಿ ಹಿಡಿದು ನೋಡಿದೆ.