ಅಂಬಿಕಾ ಸ್ಟಾರ್ ಹೌದೋ ಅಲ್ಲವೋ

ಯಾರನ್ನಾದರೂ ಮೆಚ್ಚಿಕೊಂಡರೆ ಅವರನ್ನು ತಲೆಯ ಮೇಲೆ ಕೂರಿಸಿಕೊಳ್ಳದೆ ನನಗೆ ಸಮಾಧಾನವಿಲ್ಲ. ಒಮ್ಮೆ ಝರಾಸಂಗಂನಲ್ಲಿ ಒಬ್ಬ ಅಡುಗೆಯವನ ಬದನೆಕಾಯಿ ಪಲ್ಯ ತಿಂದು, ಇಂಥ ಕೈ ಇನ್ನೊಂದಿಲ್ಲ ಎಂದು ಊರೆಲ್ಲ ಸಾರಿ, ನಮ್ಮ ಮನೆಯ ನಾಮಕರಣಕ್ಕೆ ಅವನನ್ನೇ ಕರೆಸಿದೆ. ಅಂದು ಅವನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತ. ಈಗ ನಾನು ಯಾರನ್ನಾದರೂ ಹೊಗಳಲು ಬಾಯಿ ತೆರೆದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

ಆದರೆ ಅಂಬಿಕಾಳ ವಿಷಯವೇ ಬೇರೆ. ಗಡಿಯೂರು ತಾಂಡೂರಿನಲ್ಲಿ ನನ್ನದು ನೆಲಕ್ಕೆ ಹಾಸುವ ಕಲ್ಲಿನ ಅಂಗಡಿ. ಪಾಲುದಾರ ವೀರಣ್ಣನ ಜೊತೆ ಸೇರಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡವನ್ನೂ ಕಟ್ಟಿದ್ದೇನೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಹೀಗೆ ಮೂರು ಊರುಗಳ ಲೀಗ್. ಬಶೀರಾಬಾದಿನಿಂದ ಬಸ್ಸಿನಲ್ಲಿ ಬರುವ ಇಪ್ಪತ್ತರ ಅಂಬಿಕಾ ಈ ವರ್ಷ ನಮಗೆ ಸಿಕ್ಕಳು. ಅಬ್ಬಬ್ಬಾ, ಏನು ಆಟ! ಆಕೆ ಚೆಂಡು ಹಿಡಿದು ನೆಗೆದರೆ ಇಲ್ಲಿ ನನ್ನ ಕಾಲೂ ನೆಲ ಬಿಡುತ್ತದೆ. ನಾರಾಯಣಖೇಡದವರನ್ನು ಸೋಲಿಸಿ ನಾವು ಫೈನಲ್ ಮುಟ್ಟಿದ್ದೇ ಆಕೆಯಿಂದ. ಇನ್ನು ಜಹೀರಾಬಾದಿನವರೊಬ್ಬರೇ ಬಾಕಿ.

"ಅಂಬಿಕಾಳೇ ನಮ್ಮ ಸ್ಟಾರ್ ಎಂದು ಸಾರಿಬಿಡೋಣ, ತಂಡ ಆಕೆ ಹೇಳಿದಂತೆ ನಡೆಯಲಿ" ಎಂದೆ. ವೀರಣ್ಣ ಕೊಸರಾಡಿದ.

"ನಾಕು ಮ್ಯಾಚ್ ಚಂದ ಆಡ್ಯಾಳ ಅಂತ ಇಡೀ ಟೀಮ್ ಆಕಿ ಕೈಯಾಗ ಕೊಡ್ತಿಯೇನು? ಆಡೋದು ಬ್ಯಾರೆ, ನಡಸೋದು ಬ್ಯಾರೆ. ನಾಳಿ ಸೋತ್ರ ಎಲ್ಲಾರೂ ಆಕಿಗೇ ಬೈತಾರ."

ಆ ಮಾತಿನಲ್ಲಿ ಹುರುಳಿತ್ತು. ಅದಕ್ಕೇ ನನಗೆ ಸಿಟ್ಟು ಬಂತು. ಮೂರು ದಿನ ಗಿರಾಕಿಗಳನ್ನು ನಿಲ್ಲಿಸಿಕೊಂಡೇ ವಾದಿಸಿದೆ. ಕೊನೆಗೆ ಅವನು ಸೋತು, "ಆಕಿನ್ನೇ ಕರದು ಕೇಳು" ಎಂದ.

ಅಂಬಿಕಾ ಅಂಗಡಿಗೆ ಬಂದು ಎಲ್ಲ ಕೇಳಿಸಿಕೊಂಡಳು.

"ನಾ ಹೇಳಿದ್ದು ಖರೇನ ನಡೀತದೇನ್ರಿ, ಕಾಕಾ?"

"ನಡೀತದವ್ವಾ! ವೀರಣ್ಣ ಬ್ಯಾಡಂದ್ರೂ ನಡೀತದ!"

"ಹಂಗಾರ ಫೈನಲ್ ದಿನ ನೀವು ಗ್ರೌಂಡಿನ ಒಳಗ ಬರಬ್ಯಾಡ್ರಿ."

ನಾನು ನಕ್ಕೆ. ಆಕೆ ನಗಲಿಲ್ಲ.

"ನೀವು ಬದಿಗೆ ನಿಂತು ಎಡಕ್ಕ ಹೋಗು, ಈಗ ಪಾಸ್ ಮಾಡು ಅಂತ ಒದರ್ತೀರಿ. ನನಗ ಕನ್ನಡದಾಗ, ಉಳದವ್ರಿಗೆ ತೆಲುಗಿನಾಗ, ಉರ್ದುನಾಗ. ಜಹೀರಾಬಾದ್ ಹುಡುಗ್ಯಾರಿಗೆ ಮೂರೂ ಬರ್ತಾವ್ರಿ. ನನಕಿಂತ ಮೊದಲ ಅವರೇ ಅಲ್ಲಿ ಹೋಗಿ ನಿಂದರ್ತಾರ."

ದಿನವಿಡೀ ಮೂರೂ ಭಾಷೆಗಳಲ್ಲಿ ಕಲ್ಲು ಮಾರುವ ನನಗೆ ಇದು ಹೊಳೆದಿರಲೇ ಇಲ್ಲ. ತಂಡದ ಗುಟ್ಟನ್ನೆಲ್ಲ ಒಬ್ಬೊಬ್ಬರಿಗೆ ಒಂದೊಂದು ಭಾಷೆಯಲ್ಲಿ ಕೂಗಿ, ಭದ್ರವಾಗಿದೆ ಎಂದುಕೊಂಡಿದ್ದೆ. ವೀರಣ್ಣ ಚಹಾದ ಕಪ್ಪು ಕೆಳಗಿಟ್ಟ.

"ನಾ ಈಗ ಒಪ್ಪಿದೆ. ಈಕಿ ಸ್ಟಾರೇ!"

ಫೈನಲ್ ದಿನ ಗ್ರೌಂಡಿನ ಗೋಡೆಯ ಹೊರಗೆ, ಮಿರ್ಚಿ ಬಜ್ಜಿ ಬಂಡಿಯ ಪಕ್ಕ ನಿಂತೆ. ಒಳಗೆ ಕೇಕೆ ಎದ್ದಾಗಲೆಲ್ಲ ಗೋಡೆಗೆ ಕಿವಿ ಹಚ್ಚಿದೆ. ಬುಟ್ಟಿಗೆ ಹಾಕಿದ್ದು ನಮ್ಮವರೋ ಅವರೋ, ತಿಳಿಯದು. ತಡೆಯಲಾರದೆ "ಎಡಕ್ಕ ಹೋಗು!" ಎಂದುಬಿಟ್ಟೆ. ಪಾಪ, ಬಜ್ಜಿಯವನು ಬಂಡಿಯನ್ನು ಎಡಕ್ಕೆ ಸರಿಸಿದ. ಅಷ್ಟರಲ್ಲಿ ವೀರಣ್ಣನ ಫೋನ್ ಬಂತು.

"ಗೆದ್ದೇವು! ಒಂಬತ್ತು ಪಾಯಿಂಟ್‌ಲೆ ಗೆದ್ದೇವು!"

ನಾನು ಕುಣಿಯುತ್ತ ಗೇಟಿನ ಕಡೆ ಓಡಿದೆ.

"ಓಡಿ ಬರ್ಲಿಕತ್ತಿಯೇನು? ತಡಿ, ಅಂಬಿಕಾ ಏನೋ ಹೇಳ್ಲಿಕತ್ಯಾಳ... ಮುಂದಿನ ವರ್ಷನೂ ನೀ ಅಲ್ಲೇ ನಿಂದ್ರಬೇಕಂತ!"

ಸ್ಟಾರ್ ಹೇಳಿದ ಮೇಲೆ ಮುಗಿಯಿತು. ವಾಪಸು ಬಂದು ಬಂಡಿಯವನಿಗೆ, ಬರುವ ವರ್ಷ ಇಲ್ಲಿ ಒಂದು ಸ್ಟೂಲ್ ಇಡಪ್ಪ ಎಂದು ಹೇಳಿದೆ.