ಮೀನಿನ ತೊಟ್ಟಿಯಲ್ಲಿ ಒಂದೆಲಗ

ನೀರು, ಮಣ್ಣು, ಗಿಡ, ಮೀನು. ಈ ನಾಲ್ಕರ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಅದರಲ್ಲೂ ಅರ್ಧ ದಿನ ಶಾಲೆ ತಪ್ಪಿಸಿ ಕೂತದ್ದು ಮದಗದ ಮೆಟ್ಟಿಲ ಮೇಲೆ. ನಮ್ಮ ಉಡುಪಿ ಕಡೆ ಗದ್ದೆಗಳ ನಡುವಿನ ಸಣ್ಣ ಕೆರೆಗೆ ಮದಗ ಎನ್ನುತ್ತಾರೆ. ಅದರ ಪ್ರತಿಯೊಂದು ಕಪ್ಪೆಯೂ ನನಗೆ ಪರಿಚಯ. ಹಾಗಾಗಿ ದೆಹಲಿಯ ವಸಂತ್ ಕುಂಜಿನ ನಮ್ಮ ಫ್ಲ್ಯಾಟಿನಲ್ಲಿ ಮೂರಡಿಯ ಗಾಜಿನ ತೊಟ್ಟಿಯೊಂದನ್ನು ಸುಧಾರಿಸುವ ಮಹತ್ಕಾರ್ಯ ನನ್ನ ಪಾಲಿಗೆ ಬಂದಾಗ, ಇದೇನು ಮಹಾ ಎಂದುಕೊಂಡೆ.

ಮಹಾ ಆಗಿತ್ತು!

ತೊಟ್ಟಿ ನನ್ನ ಮೊಮ್ಮಗಳು ಶ್ರಾವ್ಯಳದ್ದು. ನೆಲಕ್ಕೆ ನೀಲಿ ಪ್ಲಾಸ್ಟಿಕ್ ಕಲ್ಲು, ಮೂಲೆಯಲ್ಲಿ ಪ್ಲಾಸ್ಟಿಕ್ ಕೋಟೆ, ಕೋಟೆಯ ಸುತ್ತ ಎಂಟು ಗಪ್ಪಿ ಮೀನು. ಹುಡುಗಿ ಹತ್ತನೇ ಕ್ಲಾಸಿಗೆ ಬಂದಳು, ಬೋರ್ಡ್ ಪರೀಕ್ಷೆಯ ಗಲಾಟೆ ಶುರುವಾಯಿತು.

"ಅಜ್ಜೀ, ನಂಗೆ ಟೈಮೇ ಇಲ್ಲ. ಟ್ಯಾಂಕ್ ಆಪ್ ಸಂಭಾಲೋ, ನೀವೇ ನೋಡ್ಕೊಳ್ಳಿ. ಪ್ಲಾಂಟೆಡ್ ಮಾಡ್ಬೇಕು, ನ್ಯಾಚುರಲ್ ಲುಕ್ ಬರ್ಬೇಕು."

"ಹಾಗಂದ್ರೆ?"

"ಅಸಲಿ ಗಿಡ ಅಜ್ಜಿ, ನಕಲಿ ಎಲ್ಲ ಔಟ್. ಪೀಛೆ ಉದ್ದ ಗಿಡ, ಮುಂದೆ ಗಿಡ್ಡ, ನಡುವೆ ಖಾಲಿ ಜಾಗ."

"ಇಷ್ಟೇನಾ? ನಮ್ಮ ಮದಗವನ್ನೇ ತಂದು ಇಡ್ತೇನೆ, ಹೋಗು ನೀನು ಓದಿಕೋ."

ಮದಗವನ್ನು ತರುವುದು ಆಗದ ಮಾತು. ಈಗ ಅದರ ಮೇಲೆ ಹೆದ್ದಾರಿ ಹೋಗಿದೆ. ಹೋಗಲಿ, ಬಸ್ಸು ಲಾರಿಗಳಿಗೆ ರಸ್ತೆ ಬೇಕಲ್ಲ. ಆದರೆ ಅದರ ಅಂಚಿನಲ್ಲಿ ಬೆಳೆಯುತ್ತಿದ್ದ ಒಂದೆಲಗವನ್ನು ಬೇರೆಲ್ಲಾದರೂ ಬೆಳೆಸಿ ಆಮೇಲೆ ರಸ್ತೆ ಮಾಡಬಹುದಿತ್ತು. ನನ್ನನ್ನು ಯಾರು ಕೇಳುತ್ತಾರೆ!

ಒಂದೆಲಗ ಗೊತ್ತಲ್ಲ? ದುಂಡಗೆ, ಒಂದು ದಂಟಿಗೆ ಒಂದೇ ಎಲೆ. ಅದನ್ನು ರುಬ್ಬಿ ತಂಬುಳಿ ಮಾಡಿ ಅನ್ನಕ್ಕೆ ಸುರಿದುಕೊಂಡರೆ ಬೇರೆ ಏನೂ ಬೇಡ. ದೆಹಲಿಗೆ ಬಂದು ನಲವತ್ತು ವರ್ಷ ಆಯಿತು. ಇಲ್ಲಿನ ಸೊಪ್ಪುಗಳಲ್ಲಿ ಮೇಥಿ ತಿಂದಿದ್ದೇನೆ, ಬತುವಾ ತಿಂದಿದ್ದೇನೆ, ಸರಸೋಂ ತಿಂದಿದ್ದೇನೆ. ಚೆನ್ನಾಗಿಯೇ ಇರುತ್ತವೆ. ಒಂದೆಲಗವನ್ನು ಮಾತ್ರ ಯಾವ ತರಕಾರಿ ಗಾಡಿಯಲ್ಲೂ ಕಂಡಿಲ್ಲ.

ಕಂಡದ್ದು ಎಲ್ಲಿ ಅಂದರೆ, ಮೀನಿನ ಅಂಗಡಿಯಲ್ಲಿ!

ಗಿಡ ಕೊಳ್ಳಲು ಹೋಗಿದ್ದೆ. ಅಂಗಡಿಯವನ ತೊಟ್ಟಿಯೊಳಗೆ, ಬೇರಿಗೆ ಸ್ಪಂಜು ಸುತ್ತಿದ ಸಣ್ಣ ಸಣ್ಣ ಕಟ್ಟುಗಳು. ಅದರಲ್ಲೊಂದು ಕಟ್ಟಿನ ಎಲೆ ದುಂಡಗೆ, ಹಸಿರು, ಅಂಚಿನಲ್ಲಿ ನಿರಿಗೆ. ನಮ್ಮ ಒಂದೆಲಗವೇ!

"ಭಯ್ಯಾ, ಯೆ ಕ್ಯಾ ಹೈ?"

"ಪ್ಲಾಂಟ್ ಹೈ ಮಾತಾಜಿ. ಬಹುತ್ ಜಲ್ದೀ ಫೈಲ್ತಾ ಹೈ." ಬಹಳ ಬೇಗ ಹಬ್ಬುತ್ತದಂತೆ. ಮುಂದೆ ಒಂದು ಇಂಗ್ಲಿಷ್ ಹೆಸರನ್ನೂ ಹೇಳಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಹೆಸರು ಹೇಳಿಕೊಡಲು ಇವನು ಯಾರು? ಇದ್ದ ಆರು ಕಟ್ಟನ್ನೂ ಎತ್ತಿಕೊಂಡೆ.

ಅಂಗಡಿಯವನು ತೊಟ್ಟಿಗೆಂದೇ ಬರುವ ಮಣ್ಣಿನ ಚೀಲವನ್ನೂ ತೋರಿಸಿದ. ಮಣ್ಣನ್ನು ಅಂಗಡಿಯಿಂದ ತರುವುದೇ! ಬಾಲ್ಕನಿಯಲ್ಲಿ ಮಾಲಿ ಹೋದ ತಿಂಗಳಷ್ಟೇ ಸೆಗಣಿಗೊಬ್ಬರ, ಬೇವಿನ ಹಿಂಡಿ ಬೆರೆಸಿಟ್ಟ ಎರಡು ಕುಂಡ ಮಣ್ಣಿತ್ತು. ಗಪ್ಪಿಗಳನ್ನು ನೀರಿನ ಸಮೇತ ಒಂದು ಬಕೆಟ್ಟಿಗೆ ಸುರಿದೆ. ನೀಲಿ ಕಲ್ಲು, ಕೋಟೆ ಎಲ್ಲವನ್ನೂ ತೆಗೆದು, ತೊಟ್ಟಿಗೆ ಮಣ್ಣು ಹಾಸಿ, ಒಂದೆಲಗ ನೆಟ್ಟು, ಮೇಲಿಂದ ನೀರು ಹೊಯ್ದೆ.

ನೀರು ಕಾಫಿ ಡಿಕಾಕ್ಷನ್ ಆಯಿತು. ಗಿಡ ಕಾಣಲಿಲ್ಲ. ಹಿಂದಿನ ಗೋಡೆಯೂ ಕಾಣಲಿಲ್ಲ. ವಾಸನೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ನಾನು ಹೀಗೆ ನಿಂತಿರುವಾಗಲೇ ಬಚ್ಚಲಿನಿಂದ ನಮ್ಮ ಯಜಮಾನರ ಆರ್ತನಾದ ಕೇಳಿಸಿತು. ಯಜಮಾನರು ಮೂವತ್ತೆರಡು ವರ್ಷ ದೆಹಲಿಯ ಒಂದು ಹೋಟೆಲಿನಲ್ಲಿ ಸಾಂಬಾರು ಮಾಡಿದವರು. ಹುಟ್ಟಿದಂದಿನಿಂದ ಮೀನು ಮುಟ್ಟಿದವರಲ್ಲ.

"ಮಾರಾಯ್ತೀ! ಬಕೆಟ್ಟಿನಲ್ಲಿ ಏನೋ ಓಡ್ತದೆ!"

"ಮೀನು. ಚೊಂಬು ಹಾಕ್ಬೇಡಿ!"

"ಹಾಕಿ ಆಯ್ತು! ಎರಡು ಚೊಂಬು ತಲೆಗೂ ಆಯ್ತು!"

ಓಡಿಹೋಗಿ ನೋಡಿದರೆ, ಒಂದು ಗಪ್ಪಿ ಅವರ ಜನಿವಾರದ ಹತ್ತಿರ ಒದ್ದಾಡುತ್ತಿತ್ತು. ಬೊಗಸೆಯಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟೆ. ಮೀನು ಬದುಕಿತು. ಯಜಮಾನರು ಮತ್ತೆ ಮೂರು ಸಲ ಸ್ನಾನ ಮಾಡಿದರು. ಆ ದಿನ ಇಡೀ ನನ್ನೊಡನೆ ಮಾತಾಡಲಿಲ್ಲ. ಅದೊಂದು ಲಾಭ.

ಶ್ರಾವ್ಯ ಟ್ಯೂಷನ್ನಿನಿಂದ ಬಂದು ತೊಟ್ಟಿ ನೋಡಿ ತಲೆ ಹಿಡಿದುಕೊಂಡಳು. "ಅಜ್ಜೀ! ಯೆ ಕ್ಯಾ ಕಿಯಾ! ಗೋಬರ್?"

"ಗಿಡ ಗೊಬ್ಬರ ಇಲ್ಲದೆ ಗಾಳಿ ತಿಂದು ಬೆಳೀತದಾ?"

ಆಮೇಲೆ ಅವಳೇ ಆ ಮಣ್ಣನ್ನೆಲ್ಲ ತೆಗೆದು, ತೊಳೆದ ಮರಳು ಹಾಸಿ, ಗಿಡಗಳನ್ನು ಮತ್ತೆ ನೆಟ್ಟಳು. ನಲ್ಲಿ ನೀರಿಗೆ ಅದೇನೋ ಹನಿ ಔಷಧಿ ಹಾಕಿದಳು. ನಾಲ್ಕು ದಿನಕ್ಕೆ ನೀರು ತಿಳಿಯಾಯಿತು. ಗಪ್ಪಿಗಳು ಬಕೆಟ್ಟಿನಿಂದ ಸ್ವಂತ ಮನೆಗೆ ಮರಳಿದವು. ಯಜಮಾನರಿಗೆ ಬಕೆಟ್ಟು ಮರಳಿತು. ಅವರು ಅದನ್ನು ಮುಟ್ಟಲಿಲ್ಲ, ಹೊಸದು ತರಿಸಿಕೊಂಡರು.

ಒಂದೆಲಗ ಹಬ್ಬಿತು. ಹೇಗೆ ಹಬ್ಬಿತು ಅಂದರೆ, ಆರನೇ ವಾರಕ್ಕೆ ತೊಟ್ಟಿಯ ಹಿಂದಿನ ಅರ್ಧ ಪೂರ್ತಿ ಹಸಿರು. ಮಗ ಸೊಸೆ ಆಫೀಸಿಗೆ ಹೋದ ಮೇಲೆ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಅದರ ಎದುರು ಕುರ್ಚಿ ಹಾಕಿ ಕೂರುತ್ತಿದ್ದೆ. ಲೈಟಿನ ಬೆಳಕು ಎಲೆಗಳ ಸಂದಿಯಿಂದ ಮರಳಿಗೆ ಬೀಳುತ್ತಿತ್ತು. ಮೆಟ್ಟಿಲೊಂದಿಲ್ಲ. ಕಪ್ಪೆ ಇಲ್ಲ. ಆಗ ಮದಗದ ಮೆಟ್ಟಿಲಲ್ಲಿ ನನ್ನ ಅಕ್ಕ ಲಚ್ಚಿ ಕಾಲು ನೀರಿಗಿಟ್ಟು ಕೂತು, "ಅಮ್ಮ ಕರೀತಾ ಇದ್ದಾಳೆ, ನೀನೇ ಹೋಗು" ಎಂದು ನನ್ನನ್ನು ದೂಡುತ್ತಿದ್ದಳು. ಅವಳು ಸತ್ತು ಹನ್ನೊಂದು ವರ್ಷ. ಸೆರಗಿನ ತುಂಬ ಒಂದೆಲಗ ಕಿತ್ತರೆ ಅಮ್ಮ ಬೈಯುತ್ತಿರಲಿಲ್ಲ, ಆ ಭರವಸೆಯ ಮೇಲೆ ನಾವು ಎಷ್ಟು ಹೊತ್ತು ಬೇಕಾದರೂ ಕೂರುತ್ತಿದ್ದೆವು. ಕಣ್ಣೀರು ಗಿಣ್ಣೀರು ಏನೂ ಬರಲಿಲ್ಲ. ಬಾಯಲ್ಲಿ ನೀರು ಬಂತು.

ಒಂದು ಎಲೆಯನ್ನೂ ಕೀಳಬಾರದು, ತುಂಬ ಹಬ್ಬಲಿ, ಬರುವ ಭಾನುವಾರ ಎಲ್ಲರಿಗೂ ತಂಬುಳಿ ಎಂದು ಮನೆಯಲ್ಲಿ ಘೋಷಿಸಿದೆ.

"ಛೀ ಅಜ್ಜಿ! ಅದ್ರಲ್ಲಿ ಫಿಶ್ ಕಕ್ಕ ಇರುತ್ತೆ!"

"ನಮ್ಮ ಮದಗದಲ್ಲಿ ಇಡೀ ಊರಿನ ಎಮ್ಮೆ ಮೀಯುತ್ತಿದ್ದವು. ನಾನು ಸತ್ತೆನಾ?"

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸುಧಾರಣೆಗೆ ಇಳಿದವಳು ನಾನು. ಇಷ್ಟು ಕಾಡಿಗೆ ಎಂಟೇ ಎಂಟು ಮೀನು ಸಾಲವು ಎನ್ನಿಸಿತು. ಜೊತೆಗೆ ಇನ್ನೊಂದು ತಕರಾರು. ಗಪ್ಪಿಗಳಿಗೆಂದು ಶ್ರಾವ್ಯ ತಂದಿಟ್ಟ ಕೆಂಪು ಹುಳುಗಳು ಫ್ರೀಜರಿನಲ್ಲಿ, ನನ್ನ ತೆಂಗಿನತುರಿಯ ಡಬ್ಬಿಯ ಪಕ್ಕದಲ್ಲೇ ಇದ್ದವು. ಇನ್ನು ಮುಂದೆ ಈ ಮನೆಗೆ ಬರುವ ಮೀನು ಹುಳ ತಿನ್ನಬಾರದು ಎಂದು ತೀರ್ಮಾನಿಸಿದೆ. ಶುಕ್ರವಾರ ಸಂಜೆ ಒಬ್ಬಳೇ ಅಂಗಡಿಗೆ ಹೋದೆ.

"ಭಯ್ಯಾ, ಐಸಾ ಮಛಲೀ ದೋ ಜೋ ಕೀಡಾ ನಹೀಂ ಖಾತಾ. ಹಮ್ ಬ್ರಾಹ್ಮಣ್ ಲೋಗ್ ಹೈಂ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಬೆಳ್ಳಿ ರೂಪಾಯಿಯ ಹಾಗೆ ದುಂಡಗೆ, ಚಪ್ಪಟೆಯಾಗಿ ಹೊಳೆಯುವ ನಾಲ್ಕು ಮೀನು ತೋರಿಸಿದ. "ಯೆ ಲೀಜಿಯೇ ಮಾತಾಜಿ. ಏಕದಮ್ ಪ್ಯೂರ್ ವೆಜ್."

"ಪಕ್ಕಾ?"

"ಪಕ್ಕಾ ಮಾತಾಜಿ. ಘಾಸ್‌ಫೂಸ್ ಹೀ ಖಾತೀ ಹೈ."

ಮೀನಿನಲ್ಲೂ ಇಂಥ ಸಂಸ್ಕಾರವಂತರು ಇದ್ದಾರೆಂದು ನಾನು ಹಿಗ್ಗಿ ಹೀರೆಕಾಯಿಯಾದೆ. ಘಾಸ್‌ಫೂಸ್ ಅಂದರೆ ಸೊಪ್ಪುಸದೆ ಎಂದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು! ಅಂಗಡಿಯಲ್ಲಿ ಗೊತ್ತಿತ್ತು, ಆಟೋದಲ್ಲಿ ಗೊತ್ತಿತ್ತು, ತೊಟ್ಟಿಗೆ ಬಿಡುವಾಗಲೂ ಗೊತ್ತಿತ್ತು. ನಮ್ಮ ಮನೆಯ ಸೊಪ್ಪು ಯಾವುದು ಎಂಬುದೊಂದು ಮಾತ್ರ ತಲೆಗೆ ಬರಲಿಲ್ಲ. ಮನೆಗೆ ಬಂದು ಯಜಮಾನರಿಗೆ ಹೆಮ್ಮೆಯಿಂದ ತೋರಿಸಿದೆ. "ನೋಡಿ, ನಮ್ಮವರೇ."

ಶನಿವಾರ ಮಗನ ಜೊತೆ ನೋಯ್ಡಾದಲ್ಲಿ ಒಂದು ಉಪನಯನದ ಮನೆಗೆ ಹೋಗಿ, ಅಲ್ಲೇ ಉಳಿದು, ಭಾನುವಾರ ಬೆಳಿಗ್ಗೆ ಮರಳಿದೆವು. ಬಂದವಳೇ ಕೈಕಾಲು ತೊಳೆದು, ಬುಟ್ಟಿ, ಕತ್ತರಿ ಹಿಡಿದು ತೊಟ್ಟಿಯ ಮುಂದೆ ನಿಂತೆ.

ದಂಟುಗಳಿದ್ದವು. ಬರೀ ದಂಟುಗಳು! ಮದುವೆ ಮುಗಿದ ಚಪ್ಪರದ ಕಂಬಗಳ ಹಾಗೆ ನಿಂತಿದ್ದವು. ನಾಲ್ಕೂ ಬೆಳ್ಳಿ ರೂಪಾಯಿಗಳು ಹೊಟ್ಟೆ ಉಬ್ಬಿಸಿಕೊಂಡು, ಉಳಿದ ದಂಟನ್ನೂ ಸಾವಕಾಶವಾಗಿ ಚೀಪುತ್ತಿದ್ದವು.

ಯಜಮಾನರು ನನ್ನ ಹಿಂದೆ ಬಂದು ನಿಂತು ಇಣುಕಿದರು. "ನಿನ್ನವರೇ ಅಲ್ಲವಾ? ಮೊದಲ ಪಂಕ್ತಿ ಎದ್ದಾಯ್ತು ಮಾರಾಯ್ತಿ."

ನಾನು ಮಾತಾಡಲಿಲ್ಲ. ನಾನು ಮಾತಾಡದೆ ಇರುವುದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿದವರಲ್ಲ. ಶ್ರಾವ್ಯ ಗಾಬರಿಯಾಗಿ ಪುಸ್ತಕ ಬಿಟ್ಟು ಬಂದಳು. ತೊಟ್ಟಿ ನೋಡಿದಳು, ನನ್ನ ಕೈಯ ಬುಟ್ಟಿ ನೋಡಿದಳು.

"ಅರೇ ಅಜ್ಜಿ, ರೋನಾ ಮತ್."

"ಯಾರು ಅಳ್ತಾ ಇದ್ದಾರೆ? ಹೋಗು, ಓದು."

ಅವಳು ಹೋಗಲಿಲ್ಲ. ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿ, ಮೂಲೆಯ ಫಿಲ್ಟರಿನ ಹಿಂದೆ ತಡಕಾಡಿದಳು. ಮೀನಿನ ಬಾಯಿ ತಲುಪದ ಆ ಸಂದಿಯಲ್ಲಿ ಮೂರು ಎಲೆ ಸಿಕ್ಕವು. ಅವನ್ನು ನಲ್ಲಿಯ ಕೆಳಗೆ ಹಿಡಿದು, ಉಪ್ಪುನೀರಿನಲ್ಲಿ ಅದ್ದಿ, ಮತ್ತೆ ಕುಡಿಯುವ ನೀರಿನಲ್ಲಿ ತೊಳೆದು ನನ್ನ ಅಂಗೈ ಮೇಲಿಟ್ಟಳು. "ಚಲೋ, ಬನಾವೋ ನಿಮ್ದು ತಂಬುಳಿ. ನಾನೂ ತಿಂತೀನಿ."

ಮೂರು ಎಲೆಗೆ ನಾನು ಪೂರ್ತಿ ಮರ್ಯಾದೆ ಮಾಡಿದೆ. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದೆ. ಎಲೆ ಬಾಡಿಸಿದೆ. ಬಾಣಲೆಯಲ್ಲಿ ಅವು ಹುಡುಕಿದರೆ ಸಿಗುವಷ್ಟಾದವು. ತೆಂಗಿನತುರಿಯೊಂದಿಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಒಗ್ಗರಣೆ ಕೊಟ್ಟೆ. ಬಣ್ಣ ಹಾಲಿನ ಹಾಗೆ ಬಿಳಿ. ಶ್ರಾವ್ಯ ಮೂಗು ಮುಚ್ಚಿಕೊಂಡು ಒಂದು ಚಮಚ ನುಂಗಿ, "ನಾಟ್ ಬ್ಯಾಡ್" ಎಂದಳು.

ಯಜಮಾನರು ಅನ್ನಕ್ಕೆ ಸುರಿದು ಕಲಸಿದರು. ಅವರೂ ನಮ್ಮ ಕಡೆಯವರೇ, ಒಂದೆಲಗ ತಿಂದು ಬೆಳೆದವರೇ. ಸಾಲದ್ದಕ್ಕೆ ಅಡುಗೆಯವರು. ಒಂದು ತುತ್ತು ಬಾಯಿಗಿಟ್ಟರು. ನಾನು ಅವರ ಮುಖವನ್ನೇ ನೋಡುತ್ತ ಕೂತೆ. ಅವರು ನಿಧಾನವಾಗಿ ಅಗಿದರು, ನುಂಗಿದರು, ಸ್ವಲ್ಪ ಯೋಚಿಸಿದರು.

"ಮಜ್ಜಿಗೆ ಚೆನ್ನಾಗಿದೆ" ಎಂದರು.

ನಾನೂ ಒಂದು ತುತ್ತು ತಿಂದು ನೋಡಿದೆ. ಮಜ್ಜಿಗೆ ಚೆನ್ನಾಗಿತ್ತು. ಆ ಎಲೆ ಒಂದೆಲಗವೇ ಅಲ್ಲವೋ, ಮೂರೇ ಎಲೆ ಆದದ್ದಕ್ಕೆ ರುಚಿ ಇಳಿಯಲಿಲ್ಲವೋ, ಈಗ ಹೇಳುವುದಕ್ಕೆ ಸಾಕ್ಷಿಯೆಲ್ಲ ಮೀನಿನ ಹೊಟ್ಟೆಯಲ್ಲಿದೆ.

"ನಿಮಗೆ ನಾಲಿಗೆ ಸತ್ತಿದೆ" ಎಂದು ಯಜಮಾನರನ್ನು ಗದರಿಸಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸುರಿದುಕೊಂಡೆ.