ಒಂಬತ್ತೂ ಪಾಸು

ಇನ್ನೊಬ್ಬರ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ಕೆಲಸಗಳು ಲೋಕದಲ್ಲಿ ಕಡಿಮೆ. ಹೆಚ್ಚಿನವರು ಅದನ್ನು ಪುಕ್ಕಟೆಯಾಗಿ ಮಾಡಿಕೊಂಡಿರುತ್ತಾರೆ. ನನಗೆ ಮಾತ್ರ ಸಂಬಳ ಬರುತ್ತದೆ. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಒಂದು ಬಟ್ಟೆ ಗೋದಾಮಿನಲ್ಲಿ ನಾನು ಚೆಕ್ಕರ್. ಕೆಳಗಿನಿಂದ ಟ್ಯೂಬ್‌ಲೈಟ್ ಉರಿಯುವ ಗಾಜಿನ ಮೇಜಿನ ಮೇಲೆ ಪವರ್‌ಲೂಮ್ ಬಟ್ಟೆಯನ್ನು ಎಳೆಯುತ್ತಾ ಹೋಗುವುದು, ಎಳೆ ತಪ್ಪಿದ್ದರೆ, ಎಣ್ಣೆ ಕಲೆ ಇದ್ದರೆ ಕೆಂಪು ಸೀಮೆಸುಣ್ಣದಲ್ಲಿ ಗುರುತು ಹಾಕಿ ‘ಡ್ಯಾಮೇಜ್’ ಎನ್ನುವುದು, ಇಲ್ಲದಿದ್ದರೆ ‘ಪಾಸು’ ಎನ್ನುವುದು. ಇಪ್ಪತ್ತು ವರ್ಷದಿಂದ ಇದೇ ಕಸುಬಾದ್ದರಿಂದ ನನ್ನ ಕಣ್ಣು ತಪ್ಪಿಸಿ ಒಂದು ಎಳೆಯೂ ಹೋಗುವುದಿಲ್ಲ ಎಂಬ ಜಂಭ ನನಗಿದೆ. ಮನೆಯಲ್ಲಿ ದೋಸೆಯನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ ಎಂದು ನನ್ನ ಹೆಂಡತಿ ಗಿರಿಜೆಯ ದೂರು. ಅವಳು ಕೊಳ್ಳೇಗಾಲದವಳು. ನನಗೆ ಕನ್ನಡ ಅಕ್ಷರ ಕಲಿಸಿದವಳೂ ಅವಳೇ. ಆದ್ದರಿಂದ ಈ ಬರಹದಲ್ಲಿ ಏನಾದರೂ ಡ್ಯಾಮೇಜ್ ಕಂಡರೆ ಅವಳನ್ನೇ ಕೇಳಬೇಕು.

ನನ್ನ ಅಕ್ಕ ಸರಸ್ವತಿಯ ಮಗ ಲೋಗು ರ‍್ಯಾಪ್ ಹಾಡುತ್ತಾನೆ. ನಮ್ಮದು ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ಕನ್ನಡದ ನೇಕಾರರ ಮನೆ, ಆದ್ದರಿಂದ ಮನೆಯಲ್ಲಿ ಕನ್ನಡ, ಹಾಡಿನಲ್ಲಿ ತಮಿಳು. ಅಕ್ಕನ ಮನೆಗೆ ಅಂಟಿಕೊಂಡಿರುವ ಶೆಡ್ಡಿನಲ್ಲಿ ಎಂಟು ಮಗ್ಗಗಳಿವೆ. ಮಗ್ಗಕ್ಕೆ ನಾವು ಮನೆಯಲ್ಲೂ ‘ತರಿ’ ಎಂದೇ ಅನ್ನುವುದು. ಅವುಗಳ ಸದ್ದಿನಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಹುಡುಗ ‘ಲೂಮ್ ಲೋಗು’ ಎಂದು ಹೆಸರಿಟ್ಟುಕೊಂಡ. ಮೊದಲ ಆಲ್ಬಮ್ಮಿನಲ್ಲಿ ಎಳೆ ಕಿತ್ತರೆ ಅವನಮ್ಮ ಬೈಯುವ ಬೈಗುಳ, ಗಡುವಿನ ಹಿಂದಿನ ದಿನವೇ ಕೈಕೊಡುವ ಕರೆಂಟು, ಹತ್ತಿಯ ಧೂಳಿನಿಂದ ಬಿಳಿಯಾದ ಹುಬ್ಬು, ಎಲ್ಲ ಇತ್ತು. ಅವಿನಾಶಿಯಿಂದ ತಿರುಪ್ಪೂರಿನವರೆಗೆ ಅದನ್ನು ಹಾಕದ ಬಸ್ಸಿರಲಿಲ್ಲ. ಜನ ತಮ್ಮ ಮನೆಯ ಬೈಗುಳವನ್ನು ಸ್ಪೀಕರಿನಲ್ಲಿ ಕೇಳಿ ಕುಣಿದರು.

ಆ ಹಾಡುಗಳೆಲ್ಲ ಹೊರಗೆ ಬರುವ ಮೊದಲು ನನ್ನ ಮೇಜಿಗೆ ಬಂದಿದ್ದವು. ಲೋಗು ಫೋನಿಗೆ ಕಳಿಸಿ, ಕೆಳಗೆ “ಮಾಮಾ, ಪಾಸಾ?” ಎಂದು ಬರೆಯುತ್ತಿದ್ದ. ನಾನು ಡ್ಯಾಮೇಜ್ ಎಂದ ಮೂರು ಹಾಡುಗಳನ್ನು ಅವನು ಬಿಚ್ಚಿ ಮತ್ತೆ ಹೊಸೆದ. ಅವನು ಹೆಸರುವಾಸಿಯಾದಂತೆ ನನಗೂ ಒಂದಿಷ್ಟು ಬೆಳಕು ಬಿತ್ತು. ಟೀ ಅಂಗಡಿಯಲ್ಲಿ ಕೇಳದೆಯೇ ಬೆಣ್ಣೆ ಬನ್ನು ಬರತೊಡಗಿತು. ಕಾಲೇಜು ಹುಡುಗರು ನನ್ನ ಜೊತೆ ಸೆಲ್ಫಿ ತೆಗೆಸಿಕೊಂಡರು. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದು ಶಾಲು ಹೊದಿಸಿದರು. ಆ ಶಾಲಿನಲ್ಲಿ ಎರಡು ಕಡೆ ಎಳೆ ತಪ್ಪಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ ಎಂದರೆ ನನ್ನ ಅವನತಿ ಆಗಲೇ ಶುರುವಾಗಿತ್ತು ಎಂದರ್ಥ.

ಈ ನಡುವೆ ಲೋಗು ಕೊಯಮತ್ತೂರಿನಲ್ಲಿ ಫ್ಲಾಟು ಮಾಡಿದ. ಸದ್ದೇ ಬಾರದ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಹೊಸ ಆಲ್ಬಮ್ ಮಾಡಿದ. ಒಂಬತ್ತು ಹಾಡು ನನ್ನ ಫೋನಿಗೆ ಬಂದಾಗ ನಾನು ಅಕ್ಕನ ಶೆಡ್ಡಿನಲ್ಲಿದ್ದೆ. “ಇಲ್ಲೇ ಹಾಕು ಪಳನಿ, ನಾನೂ ಕೇಳ್ತೀನಿ” ಎಂದಳು ಅಕ್ಕ. ತರಿ ನಿಲ್ಲಿಸು ಎಂದು ನಾನು ಹೇಳಲಿಲ್ಲ. ಓಡುವ ತರಿಯನ್ನು ನಡುವೆ ನಿಲ್ಲಿಸಿದರೆ ಬಟ್ಟೆಗೆ ಅಡ್ಡಗೆರೆ ಬೀಳುತ್ತದೆ, ನಾಳೆ ಅದನ್ನು ಡ್ಯಾಮೇಜ್ ಎನ್ನಬೇಕಾದವನು ನಾನೇ. ದೊಡ್ಡ ಸ್ಪೀಕರಿಗೆ ಜೋಡಿಸಿ ಹಾಕಿದೆವು. ಎಂಟು ತರಿಗಳ ಟಕಟಕದ ಜೊತೆ ಒಂಬತ್ತು ಹಾಡೂ ಅದೇನು ಗತ್ತಿನಲ್ಲಿ ಬಂದವು ಅಂತೀರಿ! ಮಾತು ಒಂದೂ ಕೇಳಿಸಲಿಲ್ಲ. ಶೆಡ್ಡಿನಲ್ಲಿ ನಾವು ತುಟಿ ನೋಡಿ ಮಾತು ತಿಳಿದುಕೊಳ್ಳುವವರು, ಸ್ಪೀಕರಿಗೆ ತುಟಿ ಎಲ್ಲಿದೆ? ಅಕ್ಕ ತಲೆ ಆಡಿಸಿದಳು, ನನ್ನ ಕಾಲು ತಾಳ ಹಾಕಿತು. “ಒಂಬತ್ತೂ ಪಾಸು” ಎಂದು ಕಳಿಸಿದೆ. ನಿಜ ಹೇಳಬೇಕೆಂದರೆ, ಬಿಡುಗಡೆಯ ದಿನ ವೇದಿಕೆಗೆ ಯಾವ ಅಂಗಿ ಹಾಕಲಿ ಎಂಬ ಯೋಚನೆಯೂ ಆ ಹೊತ್ತಿನಲ್ಲಿ ತಲೆಯೊಳಗೆ ಓಡುತ್ತಿತ್ತು.

ಆಲ್ಬಮ್ ಬಂತು. ಜನ ಕುಣಿಯಲಿಲ್ಲ. ಟೀ ಅಂಗಡಿಯವನು ಎರಡನೇ ಹಾಡಿನ ಅರ್ಧಕ್ಕೇ ಮುರುಗನ ಭಕ್ತಿಗೀತೆಗೆ ತಿರುಗಿಸಿದ. ತಿರುಪ್ಪೂರಿನ ಬನಿಯನ್ ಕಂಪನಿಯ ಹುಡುಗರು ಫೋನಿನಲ್ಲಿ ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ. ಶೆಡ್ಡಿನಲ್ಲಿ ಬಿಟ್ಟು ಬೇರೆಲ್ಲೂ ಅದನ್ನು ಕಿವಿಗೊಟ್ಟು ಕೇಳದ ನಾನು ಸಿಕ್ಕಸಿಕ್ಕವರ ಜೊತೆ ಜಗಳವಾಡಿದೆ. ನಿಮಗೆ ಕಿವಿ ಇಲ್ಲ, ಹೊಟ್ಟೆಕಿಚ್ಚು ಮಾತ್ರ ಇದೆ ಎಂದೆ. ಬನ್ನು ನಿಂತಿತು.

ಹಾಗಿರುವಾಗ ತಿಂಗಳಿಗೊಮ್ಮೆ ರಿಪೇರಿಗೆಂದು ಕರೆಂಟು ತೆಗೆಯುವ ದಿನ ಬಂತು. ಬೆಳಿಗ್ಗೆ ಅಕ್ಕನ ಶೆಡ್ಡಿನಲ್ಲಿ ನಾನು, ಗಿರಿಜೆ, ಅಕ್ಕ ಮೂವರೂ ಇದ್ದೆವು. ಲೋಗುವಿನ ಹಾಡು ಬ್ಯಾಟರಿ ಸ್ಪೀಕರಿನಲ್ಲಿ ಭರ್ಜರಿಯಾಗಿ ಬರುತ್ತಿತ್ತು. ಒಂಬತ್ತು ಗಂಟೆಗೆ ಎಂಟೂ ತರಿ ಒಟ್ಟಿಗೆ ನಿಂತವು. ಹಾಡು ಮಾತ್ರ ನಿಲ್ಲಲಿಲ್ಲ. ಅದರ ಮೈಮೇಲಿನ ಬಟ್ಟೆ ಯಾರೋ ಕಿತ್ತುಕೊಂಡ ಹಾಗಾಯಿತು. ಆಗ ಮೊದಲ ಸಲ ಮಾತು ಕೇಳಿಸಿತು. ಒಂದು ಹಾಡಿನ ತುಂಬ ಅವನ ಬಳಿ ಇರುವ ತಂಪು ಕನ್ನಡಕಗಳ ಪಟ್ಟಿ. ಇನ್ನೊಂದರಲ್ಲಿ ಬೂಟುಗಳು. ಉಳಿದ ಏಳರಲ್ಲಿ ಅವನನ್ನು ಕಂಡು ಉರಿದುಕೊಳ್ಳುವ ಶತ್ರುಗಳು. ನನಗೆ ತಿಳಿದಂತೆ ಅವನಿಗಿದ್ದ ಒಬ್ಬನೇ ಶತ್ರು ಸೋಮನೂರಿನ ಟ್ಯೂಷನ್ ಮೇಷ್ಟ್ರು, ಅವರೂ ತೀರಿಕೊಂಡು ಬಹಳ ಕಾಲವಾಯಿತು.

“ಏನು ಪಳನಿ, ಇವ್ನು ಕಣ್ಣಾಡಿ ಅಂಗ್ಡೀಲಿ ವೇಲೆಗೆ ಸೇರ್ದನಾ?” ಎಂದಳು ಅಕ್ಕ, ಮಗ ಕನ್ನಡಕದಂಗಡಿಯ ಕೆಲಸಕ್ಕೆ ಸೇರಿಬಿಟ್ಟನೇನೋ ಎಂಬ ಗಾಬರಿಯಿಂದ.

“ರೀ, ಇದನ್ನಾ ನೀವು ಪಾಸ್ ಮಾಡಿದ್ದು?” ಎಂದಳು ಗಿರಿಜೆ.

ಮುಂದಿನ ಭಾನುವಾರ ಲೋಗು ಮನೆಗೆ ಬಂದ. ಸೊರಗಿದ್ದ, ಆದರೆ ಹಟ ಬಿಟ್ಟಿರಲಿಲ್ಲ. “ಊರೆಲ್ಲ ಸೊದಪ್ಪಲ್, ಕೆಡಿಸಿಬಿಟ್ಟ ಅಂತಾರೆ ಮಾಮಾ. ಚೆನ್ನಾಗಿಲ್ಲ ಅಂದ ಫ್ರೆಂಡ್ ಕೂಡ ಪೇಚು ಬಿಟ್ಟೆ, ಈಗ ಮಾತೇ ಇಲ್ಲ. ನೀವೊಬ್ರು ಪಾಸ್ ಹಾಕಿದ್ರಿ. ನಿಮ್ಮ ಕಣ್ಣು ತಪ್ಪಾಗಲ್ಲ. ಇದೇ ಮಾದರಿ ಇನ್ನೂ ಹತ್ತು ಮಾಡ್ತೀನಿ.”

ನನ್ನ ಒಂದು ಸುಳ್ಳು ಮುದ್ರೆಯನ್ನು ನಂಬಿ ಹುಡುಗ ಸ್ನೇಹಿತನನ್ನು ಕಳೆದುಕೊಂಡಿದ್ದ, ಇನ್ನು ತನ್ನನ್ನೇ ಕಳೆದುಕೊಳ್ಳಲು ಹೊರಟಿದ್ದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಗಿರಿಜೆ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾಯಿತು.

“ಲೋಗು, ನಾನು ಅದನ್ನ ತರಿ ಓಡ್ತಿರೋವಾಗ ಕೇಳ್ದೆ ಕಣ್ಣಾ” ಎಂದೆ.

ಬೇರೆಯವರಿಗಾದರೆ ವಿವರಿಸಬೇಕಿತ್ತು. ಅವನು ಶೆಡ್ಡಿನಲ್ಲಿ ಹುಟ್ಟಿದವನು.

“ಎಂಟೂ ಓಡ್ತಿತ್ತಾ ಮಾಮಾ?”

“ಎಂಟೂ.”

“ಸರೀಂಗ ಮಾಮಾ” ಎಂದು ಎದ್ದ. ಕಾಫಿ ಮುಟ್ಟಲಿಲ್ಲ.

ಮೂರು ವಾರ ಫೋನಿಲ್ಲ. ನನಗೆ ಊಟ ಸೇರಲಿಲ್ಲ. ನಾಚಿಕೆ ಒಂದು ಕಡೆ, ಹುಡುಗ ಹಾಡುವುದನ್ನೇ ಬಿಟ್ಟನೇನೋ ಎಂಬ ಭಯ ಇನ್ನೊಂದು ಕಡೆ. ಗೋದಾಮಿನಲ್ಲಿ ಒಳ್ಳೆಯ ಬಟ್ಟೆಗೂ ಕೆಂಪು ಗುರುತು ಹಾಕಿ ಬೈಸಿಕೊಂಡೆ. ಅವನು ಫ್ಲಾಟಿಗೆ ಬೀಗ ಹಾಕಿ ಶೆಡ್ಡಿಗೇ ಬಂದು ಕೂತಿದ್ದಾನೆ, ಜೊತೆಗೆ ಆ ಮಾತು ಬಿಟ್ಟ ಸ್ನೇಹಿತನೂ ಬಂದಿದ್ದಾನೆ ಎಂದು ಅಕ್ಕ ಹೇಳಿದ ಮೇಲೆ ಜೀವ ಬಂತು.

ನಾಲ್ಕನೇ ವಾರ ಒಂದು ಹಾಡು ಬಂತು. ಕೆಳಗೆ “ಮಾಮಾ, ಪಾಸಾ?” ಎಂದಿತ್ತು. ಈ ಸಲ ನಾನು ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರುತ್ತಾ ಕುಳಿತು ಕೇಳಿದೆ. ಹಾಡು ಒಬ್ಬ ಚೆಕ್ಕರ್ ಮಾವನ ಮೇಲಿತ್ತು. ಊರಿನ ಬಟ್ಟೆಯಲ್ಲೆಲ್ಲ ತೂತು ಹುಡುಕುವ ಮಾವ ಅಳಿಯನ ಹರಿದ ಲುಂಗಿಗೆ ಪಾಸು ಹಾಕುತ್ತಾನೆ. ಶಾಲು ಎಲ್ಲಿ ಕಂಡರೂ ಕತ್ತು ಚಾಚುತ್ತಾನೆ. ಬೆಣ್ಣೆ ಬನ್ನೂ ಇತ್ತು. ಬಾಗಿಲ ಬಳಿ ನಿಂತಿದ್ದ ಗಿರಿಜೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಡ್ಯಾಮೇಜ್ ಎಂದು ಬರೆದರೆ ಲೋಗು ಅದನ್ನು ಹೊರಗೆ ಬಿಡುವವನಲ್ಲ, ನನ್ನ ಮರ್ಯಾದೆ ಉಳಿಯುತ್ತಿತ್ತು. ಒಂದೇ ಒಂದು ತಪ್ಪಿದ ಎಳೆ ಸಿಕ್ಕೀತೇ ಎಂದು ಮೂರು ಸಲ ಹುಡುಕಿದೆ. ದರಿದ್ರದ್ದು, ಒಂದೂ ಇರಲಿಲ್ಲ. ‘ಪಾಸು’ ಎಂದು ನನ್ನ ಕೈಯಾರೆ ಕಳಿಸಿದೆ.

ಈಗ ಟೀ ಅಂಗಡಿಯಲ್ಲಿ ಅದನ್ನು ದಿನಕ್ಕೆ ನಾಲ್ಕು ಸಲ ಹಾಕುತ್ತಾರೆ. ನಾನು ಒಳಗೆ ಕಾಲಿಟ್ಟರೆ ಸದ್ದು ಹೆಚ್ಚು ಮಾಡುತ್ತಾರೆ.